ಕಲ್ಲು ತೆಗೆಯುತ್ತಿದ್ದ ಆಯಿ

"ಅಕ್ಕೋರ, ಆಯಿ ಹೋದ್ಲ್ರಿ" ಎಂದು ಹನುಮಪ್ಪಜ್ಜ ಫೋನಿನಲ್ಲಿ ಹೇಳಿದಾಗ ನಾನು ಕುಷ್ಟಗಿಯ ಸಂತೆಯಲ್ಲಿ ಬದನೆಕಾಯಿ ಆರಿಸುತ್ತಿದ್ದೆ. ಆರಿಸಿದ್ದನ್ನೆಲ್ಲ ತಿರುಗಿ ಬುಟ್ಟಿಗೆ ಹಾಕಿಬಿಟ್ಟೆ. ಕಾಯಿಪಲ್ಲೆಯವಳು "ಯಾಕಬೇ, ನನ್ನ ಬದನಿಕಾಯಾಗ ಹುಳಾ ಅದಾವೇನು?" ಎಂದು ಜಗಳಕ್ಕೆ ಬಂದಳು. ಬೈಯಲಿ ಬಿಡಿ. ಬೈಗುಳದಲ್ಲಿ ಆಯಿಯ ಕೈಯಲ್ಲಿ ಪಳಗಿದವಳು ನಾನು, ಸಂತೆಯ ಬೈಗುಳ ನನಗೆ ತಾಗುವುದಿಲ್ಲ.

ಆಯಿ ಅಂದರೆ ನನ್ನ ಸ್ವಂತ ಅಜ್ಜಿಯಲ್ಲ. ನಾನು ಮೊದಲು ಸಾಲೆಯ ಅಕ್ಕೋರಾಗಿ ನೌಕರಿಗೆ ಸೇರಿದ ಗಡ್ಡಿಯಲ್ಲಿ ನನಗೆ ಅರ್ಧ ಮನೆ ಬಾಡಿಗೆಗೆ ಕೊಟ್ಟಿದ್ದ ಮುದುಕಿ. ಗಡ್ಡಿ ಎಂದರೆ ನಡುಗಡ್ಡೆ. ಗಂಗಾವತಿಯಿಂದ ಬಸ್ಸಿನಲ್ಲಿ ಹೊಳೆಯ ದಂಡೆಗೆ ಬಂದು ಅಲ್ಲಿಂದ ಹರಗೋಲು ಹತ್ತಬೇಕು. ತುಂಗಭದ್ರೆ ಬಂಡೆಗಳ ನಡುವೆ ಎರಡು ಸೀಳಾಗಿ ಹರಿದು ಮುಂದೆ ಮತ್ತೆ ಕೂಡಿಕೊಳ್ಳುವ ಕಡೆ ಉಳಿದುಕೊಂಡ ನೆಲ ಅದು. ಭತ್ತದ ಗದ್ದೆ, ಬಾಳೆ, ಒಂದಿಷ್ಟು ಮನೆ, ಒಂದು ಕೋಣೆಯ ಸಾಲೆ. ನಾನು ಯಲಬುರ್ಗಾ ಕಡೆಯ ತಳಕಲ್ಲಿನವಳು, ಎರೆಹೊಲದಲ್ಲಿ ಬೆಳೆದವಳು. ಮೊಣಕಾಲಿಗಿಂತ ಮೇಲೆ ನೀರು ಬಂದರೆ ಮನೆದೇವರಿಗೆ ಹರಕೆ ಹೊರುವ ಜನ ನಾವು. ಅಂಥವಳನ್ನು ಬುಟ್ಟಿಯಲ್ಲಿ ಕೂಡಿಸಿ ತಿರುಗಿಸುತ್ತ ದಾಟಿಸಿದರೆ ಏನಾಗಬೇಕು? ದಡಕ್ಕೆ ಬಂದಾಗ ನನ್ನ ಎರಡೂ ಕೈ ಅಂಬಿಗನ ಅಂಗಿಯಲ್ಲಿದ್ದವು.

ಇಳಿದ ಕೂಡಲೇ ಅವನು ಒಂದು ಕಲ್ಲು ಹೆಕ್ಕಿ ನನ್ನ ಕೈಗೆ ಕೊಟ್ಟ. ಎದುರಿಗೆ ಆಳೆತ್ತರದ ಕಲ್ಲುಗುಡ್ಡೆ ಇತ್ತು.

"ಒಗೀರಿ ಅಕ್ಕೋರ. ಹೊಳಿ ದಾಟಿ ಬಂದವ್ರು ಕಲ್ಲು ಒಗೀಲಾರದ ಊರಾಗ ಹೋಗಂಗಿಲ್ಲ."

"ಯಾಕ್ರಿ?"

"ದ್ರೋಹಿ ಗುಡ್ಡಿ ರೀ ಅದು. ಭಾಳ ಹಳೇದು."

ಹೊಸ ಊರು, ಹೊಸ ನೌಕರಿ. ಒಗೆದೆ. ಕಲ್ಲು ಬಿದ್ದ ಸದ್ದು ಅಡಗುವುದರೊಳಗೆ ಒಬ್ಬ ಎತ್ತರದ ಮುದುಕಿ ಬಂದಳು. ಗುಡ್ಡೆಯ ಮೇಲಿಂದ ಒಂದು ಕಲ್ಲು ತೆಗೆದುಕೊಂಡು ನೀರಿನವರೆಗೆ ಹೋಗಿ ಹೊಳೆಗೆ ಬಿಟ್ಟು ತಿರುಗಿ ನನ್ನೆದುರು ನಿಂತಳು.

"ಯಾವೂರಾಕಿ ನೀನು?"

"ತಳಕಲ್ ರೀ."

"ತಳಕಲ್ಲಿಗೆ ಬಂದು ನಮ್ಮಪ್ಪ ನಿನಗೇನ ಮಾಡಿದ್ದ, ಕಲ್ಲು ಒಗದಿ?"

ಅಂಬಿಗ ಆಕಾಶ ನೋಡುತ್ತ ನಿಂತ. ಆಮೇಲೆ ಗೊತ್ತಾಯಿತು, ನಾನು ಇರಬೇಕಾದ ಮನೆ ಆಕೆಯದೇ.

ಬಾಡಿಗೆಯ ಮಾತು ಆಡುವಾಗಲೂ ಆಕೆ ನನ್ನ ಮುಖ ನೋಡಲಿಲ್ಲ. ಆದರೆ ಊಟದ ಹೊತ್ತಿಗೆ ಬಿಸಿ ರೊಟ್ಟಿ, ಪುಂಡಿಪಲ್ಲೆ ತಂದಿಟ್ಟು "ಉಣ್ಣು, ಕಲ್ಲು ಒಗದ ಕೈ ಸೋತಿರಬೇಕು" ಎಂದಳು. ಆಯಿಯ ಪ್ರೀತಿ ಯಾವಾಗಲೂ ಹೀಗೇ, ಕೆನ್ನೆಗೆ ಹೊಡೆದಂತೆ ಬರುತ್ತಿತ್ತು.

ಊರಿನವರು ಕಥೆಯನ್ನು ತುಣುಕು ತುಣುಕಾಗಿ ಹೇಳಿದರು. ಕೇಳಿದರೆ ಹೇಳುತ್ತಿರಲಿಲ್ಲ. ಭತ್ತದ ಸಸಿ ಹಚ್ಚುವಾಗ, ಬಟ್ಟೆ ಒಗೆಯುವಾಗ ಒಬ್ಬೊಬ್ಬರು ಒಂದೊಂದು ಮಾತು ಉದುರಿಸಿ, ಆಯಿ ಬರುತ್ತಾಳೇನೋ ಎಂದು ಹಿಂದೆ ತಿರುಗಿ ನೋಡುತ್ತಿದ್ದರು. ದೇಶಕ್ಕೆ ಸ್ವಾತಂತ್ರ್ಯ ಬಂದರೂ ನಮ್ಮ ಸೀಮೆಗೆ ಬಂದಿರದ ಕಾಲ ಅದು. ಗಂಗಾವತಿಯ ಕಡೆಯ ದಂಡೆ ಇನ್ನೂ ನಿಜಾಮರದು, ಬಳ್ಳಾರಿಯ ಕಡೆಯ ದಂಡೆ ಆಗಲೇ ಸ್ವತಂತ್ರ. ನಿಜಾಮರ ಕಡೆಯ ಬಂದೂಕಿನವರಿಗೆ ಹೆದರಿ ಈ ಕಡೆಯ ಹಳ್ಳಿಗಳ ಜನ ಗಡ್ಡಿಗೆ ಬಂದು ಅಡಗುತ್ತಿದ್ದರು, ಸಮಯ ನೋಡಿ ಆ ಕಡೆ ದಾಟುತ್ತಿದ್ದರು. ಅವರನ್ನು ಕರೆತರುವ ಅಂಬಿಗ ಆಯಿಯ ಅಪ್ಪ. ಗಂಗಾವತಿಯ ದಂಡೆಯಲ್ಲಿ ಅವನ ಗುಡಿಸಲು.

ಅವನಿಗೂ ಗಡ್ಡಿಯವರಿಗೂ ಒಂದು ಗುರುತು ಇತ್ತು. ಆಗ ಹರಗೋಲಿಗೆ ತೊಗಲು ಹೊದಿಸುತ್ತಿದ್ದರು. ತೊಯ್ದ ತೊಗಲು ಕೊಳೆಯಬಾರದೆಂದು ಕೆಲಸ ಮುಗಿದ ಮೇಲೆ ಹರಗೋಲನ್ನು ದಂಡೆಯಲ್ಲಿ ಬೋರಲು ಹಾಕಿ ಒಣಗಿಸುವುದು ದಿನದ ರೂಢಿ. ಹಾಗೆ ಬೋರಲು ಬಿದ್ದಿದ್ದರೆ ದಂಡೆಯಲ್ಲಿ ಯಾರೂ ಇಲ್ಲ, ಬರಬಹುದು. ಅಂಗಾತ ಇದ್ದರೆ ಬಂದೂಕಿನವರು ಇದ್ದಾರೆ, ಬರಬಾರದು. ಒಂದು ದಿನ ಹರಗೋಲು ಬೋರಲು ಕಂಡಿತು. ಗಡ್ಡಿಯ ಮೂವರು ಗಂಡಸರು ತಮ್ಮ ಹರಗೋಲಿನಲ್ಲಿ ಗಂಗಾವತಿಯ ದಂಡೆಗೆ ದಾಟಿ ಹೋದರು. ಬಂದೂಕಿನವರು ಪೊದೆಯ ಹಿಂದೆಯೇ ಇದ್ದರು. ಮೂವರ ಹೆಣ ಬಂತು. ಅಂಬಿಗನನ್ನು ಗಡ್ಡಿಗೆ ಹಿಡಿದು ತಂದು ಕೇಳಿದರೆ "ಹೌದು, ನಾನ ಬೋರಲು ಹಾಕೀನಿ" ಎಂದನಂತೆ, ಮತ್ತೊಂದು ಮಾತು ಆಡಲಿಲ್ಲವಂತೆ. ಮಾರನೆಯ ದಿನ ನೋಡಿದರೆ ಅಲ್ಲಿ ಕಲ್ಲುಗುಡ್ಡೆ, ಅವನನ್ನು ಕೊಂದು ಅದರಡಿ ಹುಗಿದದ್ದಂತೆ.

"ಮೊದಲನೇ ಕಲ್ಲು ಯಾರು ಒಗದಾರ ಗೊತ್ತೇನ್ರಿ ಅಕ್ಕೋರ?" ಎಂದಳು ಸಸಿ ಹಚ್ಚುತ್ತಿದ್ದ ಪಕ್ಕದ ಮನೆಯವಳು. "ಅವನ ಹೇಣ್ತಿನ. ಆಯಿ ಅವ್ವ. ಆಮ್ಯಾಲ ಮಗಳನ್ನ ಕಟ್ಟಿಕೊಂಡು ಗಡ್ಡಿಗೇ ಬಂದು ಇದ್ದು, ಸಾಯೂತನಕ ದಿನಾ ಒಗದ್ಲು. ಅದಕ್ಕ ಆಯಿ ಆಕಿನ್ನ ಅವ್ವಾ ಅಂತ ಕರೀಲಿಲ್ಲ. ಸಾಯೂ ಮುಂದ ಆ ಮುದುಕಿ ಮಗಳ ಕೈಯಾಗ ನೀರು ಕೇಳಿದ್ಲು. ಈಕಿ ತಂಬಿಗಿ ನೆಲದ ಮ್ಯಾಲ ಇಟ್ಟು ಹೊರಗ ಹೋಗಿಬಿಟ್ಲು. ಮಣ್ಣಿಗೂ ಹೋಗಲಿಲ್ಲ."

ಅದೇ ಕೈಯಿಂದ ರೊಟ್ಟಿ ತಿನ್ನುತ್ತಿದ್ದವಳು ನಾನು.

ಆಯಿಯ ಮನೆಯಲ್ಲಿ ಬಾಳುವುದು ಸುಲಭವಿರಲಿಲ್ಲ. ಮೊದಲ ವಾರದಲ್ಲೇ ಪಾತ್ರೆ ತೊಳೆದು, ನೀರು ಸೋರಲೆಂದು ಎಲ್ಲರ ಮನೆಯಲ್ಲಿ ಮಾಡುವಂತೆ ಕಟ್ಟೆಯ ಮೇಲೆ ಬೋರಲು ಇಟ್ಟೆ. ಆಯಿ ಒಳಗಿಂದ ಬಂದವಳೇ ಒಂದೊಂದನ್ನೂ ಕಿತ್ತು ಅಂಗಾತ ಮಾಡಿದಳು. ಒಂದು ಗಂಗಾಳ ಅಂಗಳಕ್ಕೆ ಉರುಳಿ ಹೋಯಿತು. "ನನ್ನ ಮನ್ಯಾಗ ಯಾವ ಸಾಮಾನೂ ಬೋರಲು ಇಡಬ್ಯಾಡ. ಇಡೂದಾದ್ರ ಗಂಟು ಮೂಟಿ ಕಟ್ಟು." ವಯಸ್ಸಾದ ಮೇಲೆ ಒಬ್ಬೊಬ್ಬರಿಗೆ ಒಂದೊಂದು ಹುಚ್ಚು ಎಂದು ಅಂದುಕೊಂಡು, ಒರೆಸುವ ಬಟ್ಟೆ ಇಟ್ಟುಕೊಂಡೆ.

ಇನ್ನೊಂದು ಸಲ ಸಾಲೆಯಲ್ಲಿ ಒಂದು ಹುಡುಗಿ ನಳ ಬಿಟ್ಟು ಮನೆಗೆ ಓಡಿ ಟಾಕಿಯ ನೀರೆಲ್ಲ ಖಾಲಿ ಮಾಡಿದ್ದಳು. ನಾನು ಅವಳನ್ನು ಎಲ್ಲರೆದುರು ನಿಲ್ಲಿಸಿ ಜೋರು ಮಾಡುತ್ತಿದ್ದೆ. ಆಯಿ ಹಾದಿಯಲ್ಲಿ ಹೋಗುತ್ತಿದ್ದವಳು ಸೀದಾ ಒಳಗೆ ಬಂದು ಹುಡುಗಿಯನ್ನು ಸೆರಗಿನೊಳಗೆ ಎಳೆದುಕೊಂಡಳು.

"ಮನಿಗೆ ಹೋಗಬೇಕಂತ ಅವಸರಾಗಿ ಮರತೈತಿ ಕೂಸು. ಬೇಕಂತ ಮಾಡೈತೇನು? ನೀರು ಹೋದ್ರ ಹೊಳಿ ಐತಿ, ಬಾ, ನಾ ತುಂಬತೀನಿ. ಹುಡುಗರ್ನ ನಿಲ್ಲಿಸಿ ಕೇಳಬ್ಯಾಡವ್ವಾ. ಹಂಗ ಕೇಳಬ್ಯಾಡ."

ಕೊನೆಯ ಮಾತು ಬೈಗುಳವಾಗಿರಲಿಲ್ಲ, ಬೇಡಿಕೊಂಡಂತಿತ್ತು. ಆಯಿ ಯಾರನ್ನಾದರೂ ಬೇಡಿಕೊಂಡದ್ದನ್ನು ನಾನು ಅದಕ್ಕೂ ಮೊದಲು ನೋಡಿರಲಿಲ್ಲ. ಸಾಲೆ ಬಿಟ್ಟ ಮೇಲೆ ಇಬ್ಬರೂ ಕೊಡದಲ್ಲಿ ನೀರು ಹೊತ್ತು ಟಾಕಿ ತುಂಬಿದೆವು, ನನ್ನ ಸೊಂಟ ಮುರಿಯಿತು.

ಹನುಮಪ್ಪಜ್ಜನ ಬಗ್ಗೆಯೂ ಹೇಳಬೇಕು. ಅವನು ಗಡ್ಡಿಯ ಹಿರಿಯ, ಆಯಿಗಿಂತ ಒಂದೆರಡು ವರ್ಷಕ್ಕೆ ಚಿಕ್ಕವನು. ಊರಿಗೆಲ್ಲ ಅಜ್ಜ, ಆಯಿಗೆ ಮಾತ್ರ "ಲೇ ಹನುಮ್ಯಾ". ಆ ಗದ್ದಲದ ಕಾಲದಲ್ಲಿ ಗಡ್ಡಿಯ ಹಿರಿಯನಾಗಿದ್ದವನು ಇವನ ಅಪ್ಪ. ಹನುಮಪ್ಪಜ್ಜ ಆಯಿಯನ್ನು ಕಂಡರೆ ಎದ್ದು ನಿಲ್ಲುತ್ತಿದ್ದ, ಆದರೆ ಗುಡ್ಡೆಯ ಮಾತು ಬಂದರೆ ಬೀಡಿ ಹಚ್ಚುವ ನೆಪದಲ್ಲಿ ಅಲ್ಲಿಂದ ಜಾಗ ಖಾಲಿ ಮಾಡುತ್ತಿದ್ದ. ಅವನಿಗೆ ಏನೋ ಗೊತ್ತು ಎಂದು ನನಗೆ ಅನುಮಾನ. ಒಂದು ಸಲ ಕೇಳಿಯೂ ಬಿಟ್ಟೆ: "ಅಜ್ಜಾರ, ಗಡ್ಡಿ ಮ್ಯಾಲ ಯಾರನ್ನೂ ಹುಗಿಯಂಗಿಲ್ಲ, ಹೊಳಿ ಬಂದು ಕಿತ್ತು ಒಯ್ತೈತಿ ಅಂತ ಎಲ್ಲಾರನ್ನೂ ದಂಡಿಗೆ ಒಯ್ದು ಮಣ್ಣು ಮಾಡ್ತೀರಿ. ಮತ್ತ ಆಯಿ ಅಪ್ಪನೊಬ್ಬನ್ನ ಇಲ್ಲೇ ಹೆಂಗ ಹುಗದ್ರಿ?" ಅಜ್ಜ ನನ್ನನ್ನು ನೋಡಿದ ನೋಟ ಈಗಲೂ ನೆನಪಿದೆ. "ಅಕ್ಕೋರ, ಹುಡುಗರಿಗೆ ಮಗ್ಗಿ ಹೇಳಿಕೊಡ್ರಿ" ಎಂದು ಎದ್ದು ಹೋದ.

ಹೀಗಿರುವಾಗ ಗಡ್ಡಿಗೆ ಮೆಟ್ಟಿಲು ಮಂಜೂರಾಯಿತು. ಹರಗೋಲು ಹಚ್ಚುವ ಕಡೆ ಸಿಮೆಂಟಿನ ಮೆಟ್ಟಿಲು, ಮೇಲೊಂದು ಶೆಡ್ಡು. ಗುಡ್ಡೆ ಇದ್ದದ್ದು ಸರಿಯಾಗಿ ಅದೇ ಜಾಗದಲ್ಲಿ. ಬೇಸಿಗೆಯಲ್ಲಿ ಹೊಳೆ ಇಳಿದಾಗ ಜೆಸಿಬಿ ಬಂಡೆಗಳ ಮೇಲೆ ಹಾದು ಬರುತ್ತದೆ, ಕಲ್ಲನ್ನೆಲ್ಲ ಹೊಳೆಗೆ ನೂಕುತ್ತದೆ ಎಂದು ಪಂಚಾಯ್ತಿಯವರು ಹೇಳಿ ಹೋದರು. ಎಲ್ಲರಿಗಿಂತ ಮೊದಲು "ಜಲ್ದಿ ಮಾಡ್ರಿ, ಪೀಡಾ ಹೋಗ್ಲಿ" ಎಂದವನು ಹನುಮಪ್ಪಜ್ಜ.

ಆವತ್ತಿನಿಂದ ಆಯಿ ಊಟ ಬಿಟ್ಟಳು ಅಂದರೆ ಸುಳ್ಳಲ್ಲ. ತಾಟಿನ ಮುಂದೆ ಕೂತು ರೊಟ್ಟಿ ಮುರಿದು ಮುರಿದು ಇಡುತ್ತಿದ್ದಳು. ಒಂದು ಮಧ್ಯಾಹ್ನ ತಾನಾಗಿಯೇ ಹೇಳಿದಳು.

"ಮಷಿನ್ನಿನ ಹಲ್ಲಿಗೆ ನಮ್ಮಪ್ಪನ ಎಲುಬು ಸಿಗಬಾರದು ಅಕ್ಕೋರ. ಕೈಲೇ ಬಿಚ್ಚಬೇಕು. ದಂಡಿಗೆ ಒಯ್ದು ನಮ್ಮ ಮಂದಿ ನಡುವ ಮಣ್ಣು ಮಾಡಬೇಕು. ಅದೊಂದು ಆಗೂತನಕ ನಾ ಸಾಯಂಗಿಲ್ಲ."

"ಹಿರಿಯರಿಗೆ ಹೇಳೂಣು ಆಯಿ, ಒಪ್ತಾರ."

"ಒಪ್ಪಂಗಿಲ್ಲ. ದ್ರೋಹಿ ಎಲುಬು ತಮ್ಮವರ ಪಕ್ಕಕ್ಕ ಬಿಡ್ತಾರೇನು? ಅವ ದ್ರೋಹಿ ಅಲ್ಲಂತ ಹೇಳಬೇಕು. ಹೇಳೂದು..." ಅಷ್ಟಕ್ಕೇ ನಿಂತಳು. "ಹೇಳೂದು ಅಂದ್ರ ಸುಮ್ನ ಐತೇನು?"

ಜೆಸಿಬಿ ಬಂದ ದಿನ ಬೆಳಿಗ್ಗೆಯೇ ಉರಿಬಿಸಿಲು. ಸಾಲೆಗೆ ರಜೆ ಇತ್ತು, ಊರೆಲ್ಲ ದಡದಲ್ಲಿ ಸೇರಿತ್ತು. ಮಷಿನ್ನು ಬಂಡೆ ಹತ್ತಿ ಇಳಿದು ಬರುವುದನ್ನು ನೋಡಿ ಹುಡುಗರು ಚಪ್ಪಾಳೆ ತಟ್ಟಿದರು. ಆಯಿ ನಡೆದು ಹೋಗಿ ಗುಡ್ಡೆಗೆ ಬೆನ್ನು ಕೊಟ್ಟು ನಿಂತಳು. ಡ್ರೈವರ್ ಹಾರ್ನ್ ಹೊಡೆದ. ಆಯಿ ಕದಲಲಿಲ್ಲ.

"ಯಕ್ಕಾ, ಆ ಕಡಿ ಸರಿ, ಹುಚ್ಚಾಟ ಮಾಡಬ್ಯಾಡ" ಎಂದ ಹನುಮಪ್ಪಜ್ಜ.

"ಕೈಲೇ ಬಿಚ್ಚರಿ. ನಮ್ಮಪ್ಪನ್ನ ನಾ ದಂಡಿಗೆ ಒಯ್ತೀನಿ."

ಗುಂಪಿನಿಂದ ಈರಣ್ಣ ಮುಂದೆ ಬಂದ. ಸತ್ತ ಮೂವರಲ್ಲಿ ಒಬ್ಬನ ಮೊಮ್ಮಗ ಅವನು, ಒಳ್ಳೆಯ ಮನುಷ್ಯ, ನನ್ನ ಸಾಲೆಗೆ ಗಡಿಯಾರ ಕೊಡಿಸಿದವನು. ಆವತ್ತು ಅವನ ಮುಖ ಗುರುತು ಸಿಗುವಂತಿರಲಿಲ್ಲ.

"ನಮ್ಮ ಮುತ್ಯಾ ಮಲಗಿದ ಮಣ್ಣಾಗ ಅವನ್ನ ಬಿಡಂಗಿಲ್ಲ ಆಯಿ. ನಿನ್ನ ಮುಖಾ ನೋಡಿ ಇಷ್ಟು ವರ್ಷ ಸುಮ್ನ ಇದ್ದೀವಿ. ನೀ ದಿನಾ ಒಂದು ಕಲ್ಲು ತಗದ್ರೂ ಏನೂ ಅಂದಿಲ್ಲ. ಇವತ್ತ ಬ್ಯಾಡ. ನಡೀರಿ ಡ್ರೈವರ್ ಸಾಹೇಬ್ರ, ಹೊಡೀರಿ."

ಮಷಿನ್ನಿನ ತೋಳು ಮೇಲೆದ್ದಿತು. ನಾನು ಓಡಿ ಹೋಗಿ ಆಯಿಯ ರಟ್ಟೆ ಹಿಡಿದೆ. ಆಯಿ ನನ್ನ ಕೈ ಕೊಡವಿದಳು. ಅಷ್ಟೊಂದು ಜನರಲ್ಲಿ ಈರಣ್ಣನೊಬ್ಬನನ್ನೇ ನೋಡಿ ಹೇಳಿದಳು.

"ನಿಮ್ಮ ಮುತ್ಯಾನ್ನ ಕೊಂದಾಕಿ ನಾನೋ ಯಪ್ಪಾ. ಹರಗೋಲು ಬೋರಲು ಹಾಕಿದಾಕಿ ನಾನು."

ಮಷಿನ್ನಿನ ಸದ್ದಿನಲ್ಲಿ ಹಿಂದಿನವರಿಗೆ ಕೇಳಿರಲಿಕ್ಕಿಲ್ಲ. ಮುಂದಿದ್ದವರು ಕಲ್ಲಾಗಿ ನಿಂತರು.

"ಅಪ್ಪ ಅಂಗಾತ ಇಟ್ಟು ಹೋಗಿದ್ದ. ನಾ ಆಡಿ ಬಂದೆ. ತೊಗಲು ತೊಯ್ದಿತ್ತು. ದಿನಾ ಬೋರಲು ಹಾಕೂದು ನನ್ನ ಕೆಲಸ, ಹಾಕಿಲ್ಲಂದ್ರ ಅವ್ವ ಬೈತಿದ್ಲು. ಗುರುತು ಗಿರುತು ನನಗ ಯಾರು ಹೇಳ್ಯಾರ? ಹಾಕಿದೆ. ಆಮ್ಯಾಲ ಬಂದೂಕಿನ ಸಪ್ಪಳಾತು. ಅವ್ವಗ ಹೇಳಿದ್ರ ನನ್ನ ಬಾಯಿ ಮುಚ್ಚಿದ್ಲು. ಅಪ್ಪ ತಾನ ಹಾಕೀನಿ ಅಂತ ಅಂದ. ಗೊತ್ತಿದ್ದೂ ಗೊತ್ತಿದ್ದೂ ಅವ್ವ ಅವನ ಮ್ಯಾಲ ಕಲ್ಲು ಒಗದ್ಲು. ಈಗ ಹೇಳೀನಿ. ಒಗಿಯೂದಿದ್ರ ನನಗ ಒಗೀರಿ, ಅವನ್ನ ಬಿಡ್ರಿ."

ಈರಣ್ಣನ ದವಡೆ ಅಲುಗುತ್ತಿತ್ತು. ಅವನು ಕೈ ಎತ್ತುತ್ತಾನೇನೋ ಎಂದು ನಾನು ಆಯಿಯ ಮುಂದೆ ಬಂದು ನಿಂತೆ.

"ಎಷ್ಟು ವಯಸ್ಸಿತ್ತು ಆಯಿ ನಿನಗ?" ಎಂದ ಕೊನೆಗೆ.

"ಹಾಲುಹಲ್ಲು ಬೀಳ್ತಿದ್ದುವು."

ಈರಣ್ಣ ಡ್ರೈವರನ ಕಡೆ ತಿರುಗಿ "ಬಂದ್ ಮಾಡಲೇ ಅದನ್ನ!" ಎಂದು ಚೀರಿದ. ಆಮೇಲೆ ಪಂಚೆ ಎತ್ತಿ ಕಟ್ಟಿ ಗುಡ್ಡೆಯ ಮೇಲಿನ ಕಲ್ಲಿಗೆ ಕೈ ಹಾಕಿದ. ಒಬ್ಬೊಬ್ಬರಾಗಿ ಎಲ್ಲರೂ ಸೇರಿದರು. ನಾನೂ ಸೇರಿದೆ. ಕಲ್ಲಿಗೆ ಕಲ್ಲು ತಾಗುವ ಸದ್ದೊಂದೇ. ಹನುಮಪ್ಪಜ್ಜ ಮಾತ್ರ ದೂರ ನಿಂತು "ಬ್ಯಾಡ್ರೋ, ಬ್ಯಾಡ್ರೋ" ಎನ್ನುತ್ತಿದ್ದ. ಯಾರೂ ಅವನನ್ನು ಕೇಳಿಸಿಕೊಳ್ಳುವ ಸ್ಥಿತಿಯಲ್ಲಿರಲಿಲ್ಲ.

ಬಿಸಿಲು ನೆತ್ತಿಗೆ ಬರುವಾಗ ತಳ ಕಂಡಿತು. ಆಯಿ ತಾನೇ ಮಂಡಿಯೂರಿ ಮಣ್ಣು ಕೆದರಿದಳು. ಈರಣ್ಣ ಸಲಿಕೆಯಿಂದ ಮೆಲ್ಲಗೆ ಅಗೆದ. ಮೊಣಕಾಲುದ್ದ ಅಗೆದ, ಸೊಂಟದುದ್ದ ಅಗೆದ, ಕೆಳಗೆ ಗಟ್ಟಿ ಬಂಡೆ ಸಿಕ್ಕಿತು. ಎಲುಬಿಲ್ಲ, ಹಲ್ಲಿಲ್ಲ, ಏನೂ ಇಲ್ಲ.

"ಹೊಳಿ ಒಯ್ದಿರಬೇಕು" ಎಂದರು ಯಾರೋ.

"ಹೊಳಿ ಒಯ್ದಿಲ್ಲ." ಹನುಮಪ್ಪಜ್ಜ ಬಂದು ತೆಗೆದ ಮಣ್ಣಿನ ಮೇಲೆಯೇ ಕುಸಿದು ಕೂತ. "ಯಕ್ಕಾ, ಇಲ್ಲಿ ಯಾರೂ ಇದ್ದಿಲ್ಲ. ನಮ್ಮಪ್ಪ ಸಾಯೂ ಮುಂದ ನನ್ನ ಕಡಿಂದ ಆಣಿ ಮಾಡಿಸಿಕೊಂಡಿದ್ದ. ನಿಮ್ಮಪ್ಪನ್ನ ಯಾರೂ ಕೊಂದಿಲ್ಲ. ಸತ್ತವರ ಮನಿಯವ್ರು ರಕ್ತಾ ಕೇಳ್ತಿದ್ರು. ನಮ್ಮಪ್ಪಗ ಕೈ ಬರ್ಲಿಲ್ಲ. ಬಳ್ಳಾರಿ ದಂಡಿಗೆ ದಾಟಿಸಿ ಬಿಟ್ಟು ಬಂದ. ಇಲ್ಲಿ ಖಾಲಿ ನೆಲದ ಮ್ಯಾಲ ಕಲ್ಲು ಒಟ್ಟಿ, ಕೊಂದು ಹುಗದೀವಿ ಅಂತ ತೋರಿಸಿದ."

ಆಯಿ ಮಣ್ಣು ಮೆತ್ತಿದ ಕೈ ಮೇಲೆತ್ತಿದವಳು ಹಾಗೆಯೇ ಇದ್ದಳು.

"ಇದ್ನಾ? ಜೀವಂತ ಇದ್ನಾ?"

"ಇದ್ದ. ಭಾಳ ವರ್ಷ ಇದ್ದ. ಆ ಕಡಿ ಎಲ್ಲೋ ಕೂಲಿ ಮಾಡ್ಕೊಂಡಿದ್ದ ಅಂತ ನಮ್ಮಪ್ಪ ಅಂತಿದ್ದ. ಗದ್ದಲ ಮುಗದ ಮ್ಯಾಲ ಬಾ ಅಂತ ಹೇಳಿ ಕಳಿಸಿದ್ರೂ ಬರ್ಲಿಲ್ಲಂತ. ಯಾಕ ಬರ್ಲಿಲ್ಲ ಅಂತ ನಮಗ ಇಷ್ಟು ದಿನ ತಿಳಿದಿದ್ದಿಲ್ಲ. ಇವತ್ತ ತಿಳೀತು. ಅವ ತಿರುಗಿ ಬಂದಿದ್ರ ಎಲ್ಲಾರೂ ಮತ್ತ ಕೆದರತಿದ್ರು. ಬೋರಲು ಹಾಕಿದಾಂವ ನೀ ಅಲ್ಲಂದ್ರ ಯಾರಂತ ಅವನ್ನ ಕೇಳ್ತಿದ್ರು, ನಿನ್ನ ಹೆಸರು ಹೊರಗ ಬರ್ತಿತ್ತು."

"ನಮ್ಮವ್ವ?"

ಅಜ್ಜ ತಲೆ ತಗ್ಗಿಸಿದ. "ಆಕಿಗೆ ಗೊತ್ತಿತ್ತು. ದಾಟಿಸೂ ಮುಂದ ಬುತ್ತಿ ಕಟ್ಟಿದಾಕಿನ ಆಕಿ. ಗುಡ್ಡಿ ಮ್ಯಾಲ ಯಾರಿಗೂ ಅನುಮಾನ ಬರಬಾರದಂತ ತಾನ ಮೊದಲನೇ ಕಲ್ಲು ಒಗದ್ಲು."

ಆಯಿ ಅಳಲಿಲ್ಲ. ಅಲ್ಲಿ ಹೆಂಗಸರೆಲ್ಲ ಸೆರಗು ಬಾಯಿಗೆ ಒತ್ತಿಕೊಂಡು ಬಿಕ್ಕುತ್ತಿದ್ದರು, ನಾನಂತೂ ನಾಚಿಕೆ ಬಿಟ್ಟು ಅಳುತ್ತಿದ್ದೆ. ಆಯಿ ಎದ್ದಳು, ಮನೆಗೆ ಹೋದಳು, ತಂಬಿಗೆ ಹಿಡಿದುಕೊಂಡು ಬಂದಳು.

"ಹನುಮ್ಯಾ, ಆಕಿನ್ನ ಎಲ್ಲಿ ಹುಗದೀರಿ? ನಾ ಬಂದಿದ್ದಿಲ್ಲ, ನನಗ ಗೊತ್ತಿಲ್ಲ. ತೋರಿಸು."

ಹರಗೋಲಿನಲ್ಲಿ ನಾವು ನಾಲ್ವರು ಗಂಗಾವತಿಯ ದಂಡೆಗೆ ದಾಟಿದೆವು: ಆಯಿ, ಹನುಮಪ್ಪಜ್ಜ, ಹುಟ್ಟು ಹಾಕುತ್ತಿದ್ದ ಈರಣ್ಣ ಮತ್ತು ನಾನು. ನನಗೆ ನೀರಿನ ಹೆದರಿಕೆ ಆವತ್ತು ನೆನಪೇ ಆಗಲಿಲ್ಲ. ದಂಡೆಯ ಮೇಲಿನ ಜಾಲಿಗಿಡಗಳ ನಡುವೆ ಅಜ್ಜ ಹುಡುಕಿ ಹುಡುಕಿ ಒಂದು ಕಡೆ ನಿಂತ. ಗುರುತಿನ ಕಲ್ಲು ಕೂಡ ಮಣ್ಣಲ್ಲಿ ಮುಳುಗಿತ್ತು. ಮುಳ್ಳು ಸರಿಸಿ ಜಾಗ ತೋರಿಸಿದ.

ಆಯಿ ಹೊಳೆಯಲ್ಲಿ ತಂಬಿಗೆ ತುಂಬಿಕೊಂಡು ಬಂದು ಅಲ್ಲಿ ಕೂತಳು. ಕೂತವಳು ನೆಲಕ್ಕೆ ಕೈಯಿಂದ ಹೊಡೆದಳು, ಮಲಗಿದವರನ್ನು ಎಬ್ಬಿಸುವಂತೆ.

"ಯವ್ವಾ. ಯವ್ವಾ, ಸಾಯೂ ಹೊತ್ತಿನ್ಯಾಗರ ಹೇಳಬಾರದಿತ್ತೇನು ನೀ? ನೀರು ಕೊಡು ಅಂತ ಕೇಳಿದಿ. ಅಷ್ಟು ಮಾತಾಡಾಕ ಬಂತು, ಇದೊಂದು ಹೇಳಾಕ ಬರ್ಲಿಲ್ಲೇನು? ನನ್ನ ಕೈಲೆ ಇಂಥಾ ಪಾಪ ಯಾಕ ಮಾಡಿಸಿದಿ?"

ಈರಣ್ಣ ಮುಖ ತಿರುಗಿಸಿ ಹೊಳೆಯ ಕಡೆ ನಿಂತ. ಆಯಿ ತಂಬಿಗೆಯನ್ನು ನಿಧಾನ ಬಗ್ಗಿಸಿದಳು, ಬಾಯಿಗೆ ಹನಿಸುವ ಹಾಗೆ, ತಲೆ ಇರಬಹುದಾದ ಕಡೆ. ಒಣಮಣ್ಣು ನೀರನ್ನು ಒಂದೇ ಉಸಿರಿಗೆ ಕುಡಿದುಬಿಟ್ಟಿತು. ಅದನ್ನು ನೋಡಿ "ಎಷ್ಟು ನೀರಡಿಸೈತಿ ನೋಡ್ರೋ ನಮ್ಮವ್ವಗ" ಎಂದು ಆಯಿ ಮೊದಲ ಸಲ ಗಟ್ಟಿಯಾಗಿ ಅತ್ತಳು. ನಾನು ತರುತ್ತೇನೆ ಎಂದು ತಂಬಿಗೆಗೆ ಕೈ ಚಾಚಿದೆ. ಕೊಡಲಿಲ್ಲ. ಇನ್ನೊಂದು ತಂಬಿಗೆ ನೀರಿಗೆ ತಾನೇ ಎದ್ದು ಹೊಳೆಗೆ ಇಳಿದಳು.